ರೆಕ್ಕೆ ಮೂಡಿದ ಕಾರುಗಳು

ಅಮೆರಿಕದ ಹಳೆಯ ದೊಡ್ಡ ಕಾರೊಂದು ಕಣ್ಣಿಗೆ ಬಿದ್ದರೆ ಹಿರಿಯರು ಅದರ ಬಾಗಿಲನ್ನು ತಟ್ಟಿ, "ಆಗಿನ ತಗಡೇ ತಗಡು, ಈಗಿನವೆಲ್ಲ ಬರಿಯ ಡಬ್ಬಿ" ಎನ್ನುವುದನ್ನು ನೀವು ಕೇಳಿರಬಹುದು. ನಾನೂ ಬಹುಕಾಲ ಹಾಗೆಯೇ ನಂಬಿದ್ದವನು. ಈ ನಂಬಿಕೆಯಲ್ಲಿ ನಿಜವೆಷ್ಟು ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ.

ಮೊದಲು ಆ ಕಾರುಗಳು ಹುಟ್ಟಿದ ಕಾಲವನ್ನು ನೆನೆಯಬೇಕು. ಎರಡನೆಯ ಮಹಾಯುದ್ಧದ ನಿಮಿತ್ತ ಅಮೆರಿಕದಲ್ಲಿ 1942ರ ಫೆಬ್ರವರಿಯಿಂದ 1945ರವರೆಗೆ ಜನಸಾಮಾನ್ಯರಿಗಾಗಿ ಕಾರು ತಯಾರಿಸುವುದೇ ನಿಂತುಹೋಗಿತ್ತು. ಯುದ್ಧ ಮುಗಿದಾಗ ಜನರ ಕೈಯಲ್ಲಿ ಹಣವಿತ್ತು, ಪೆಟ್ರೋಲು ಅಗ್ಗವಾಗಿತ್ತು, 1956ರಲ್ಲಿ 41,000 ಮೈಲಿಗಳ ಹೆದ್ದಾರಿಗಳನ್ನು ಕಟ್ಟುವ ಶಾಸನವೂ ಆಯಿತು. ವರ್ಷವರ್ಷವೂ ಹೊಸ ರೂಪವನ್ನು ತೋರಿಸಿ ಹಳೆಯದರ ಮೇಲೆ ಬೇಸರ ಹುಟ್ಟಿಸುವುದು ವ್ಯಾಪಾರದ ಮರ್ಮವಾಯಿತು.

ಜನರಲ್ ಮೋಟಾರ್ಸ್ ಕಂಪೆನಿಯ ವಿನ್ಯಾಸ ವಿಭಾಗದ ಮುಖ್ಯಸ್ಥ ಹಾರ್ಲಿ ಅರ್ಲ್ ಅವರಿಗೆ ಲಾಕ್‌ಹೀಡ್ ಪಿ-38 ಎಂಬ ಯುದ್ಧವಿಮಾನದ ಜೋಡಿಬಾಲ ಬಹಳ ಹಿಡಿಸಿತ್ತು. ಅದರ ಫಲವಾಗಿ 1948ರ ಕ್ಯಾಡಿಲಾಕ್ ಕಾರಿನ ಹಿಂಬದಿಯಲ್ಲಿ ಎರಡು ಪುಟ್ಟ ರೆಕ್ಕೆಗಳು ಮೂಡಿದವು. ಇತರ ಕಂಪೆನಿಗಳೂ ಪೈಪೋಟಿಗಿಳಿದವು. ರೆಕ್ಕೆಗಳು ಬೆಳೆಯುತ್ತಲೇ ಹೋದವು. 1959ರ ಕ್ಯಾಡಿಲಾಕಿನಲ್ಲಿ ಅವು ತಮ್ಮ ಶಿಖರವನ್ನು ಮುಟ್ಟಿದವು. ಆ ಕಾರಿನ ಉದ್ದ 18 ಅಡಿ 9 ಅಂಗುಲ. ನಮ್ಮ ಅಂಬಾಸಡರಿಗಿಂತ ನಾಲ್ಕು ಅಡಿಗೂ ಹೆಚ್ಚು. ಎಂಟು ಸಿಲಿಂಡರಿನ ಎಂಜಿನ್, 325 ಅಶ್ವಶಕ್ತಿ. ಒಂದೊಂದು ರೆಕ್ಕೆಗೂ ರಾಕೆಟ್ಟಿನ ಬೆಂಕಿಯಂತೆ ಎರಡೆರಡು ಕೆಂಪು ದೀಪ! ಅದರ ಸೊಗಸನ್ನು ನಾನು ಅಲ್ಲಗಳೆಯುವುದಿಲ್ಲ. ನನ್ನ ಪ್ರಶ್ನೆ ಬೇರೆ.

ನಾನು ಹೈಸ್ಕೂಲಿನಲ್ಲಿ ಓದುತ್ತಿದ್ದಾಗ ನಮ್ಮೂರಿನಲ್ಲಿಯೂ ಅಮೆರಿಕದ ಹಳೆಯ ಕಾರೊಂದಿತ್ತು. ಮದುವೆಯ ಮೆರವಣಿಗೆಗೆ ಎಲ್ಲರಿಗೂ ಅದೇ ಬೇಕು. ಅದನ್ನು ನಡೆಸುತ್ತಿದ್ದವರನ್ನು ಮಕ್ಕಳಾದ ನಾವು ಮಾಮ ಎಂದು ಕರೆಯುತ್ತಿದ್ದೆವು. ಒಂದು ಬೆಳಗಿನ ಜಾವ ಆ ಕಾರು ರಸ್ತೆಯ ಪಕ್ಕದ ಹುಣಿಸೆಮರಕ್ಕೆ ಬಡಿಯಿತು. ನಾವು ಓಡಿಹೋಗಿ ನೋಡಿದರೆ ಬಂಪರು ಸೊಟ್ಟಗಾಗಿತ್ತು, ಒಂದು ದೀಪ ಒಡೆದಿತ್ತು, ಅಷ್ಟೆ. ಮಾಮ ಮಾತ್ರ ಉಳಿಯಲಿಲ್ಲ. ಸ್ಟೀರಿಂಗ್ ಚಕ್ರ ಅವರ ಎದೆಯನ್ನು ಜಜ್ಜಿತ್ತು. "ಕಾರಿಗೆ ಏನೂ ಆಗಿಲ್ಲ, ನೋಡಿ" ಎಂದು ದೊಡ್ಡವರು ಬೆರಗಿನಿಂದ ಮಾತಾಡಿಕೊಂಡರು. ಆ ಮಾತಿನೊಳಗೇ ಸಾವಿನ ಕಾರಣವಿತ್ತೆಂದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

ಅದು ಹೇಗೆಂದರೆ: ವೇಗವಾಗಿ ಬರುವ ಕ್ರಿಕೆಟ್ ಚೆಂಡನ್ನು ಹಿಡಿಯುವ ಹುಡುಗ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಎಳೆದುಕೊಂಡಷ್ಟೂ ಪೆಟ್ಟು ಕಡಿಮೆ. ಕಾರಿನ ಮೂತಿಯೂ ಹೀಗೆಯೇ ಸ್ವಲ್ಪ ಸ್ವಲ್ಪವಾಗಿ ಕುಗ್ಗುತ್ತ ಆಘಾತವನ್ನು ತಾನು ನುಂಗಬೇಕು. ಜನರು ಕುಳಿತ ಗೂಡು ಮಾತ್ರ ಬಿಗಿಯಾಗಿ ನಿಲ್ಲಬೇಕು. ಮೂತಿ ಕುಗ್ಗದಿದ್ದರೆ ಆ ಪೆಟ್ಟೆಲ್ಲ ಕುಳಿತವರ ಪಾಲು. ಇನ್ನೂ ಜೋರಾಗಿ ಬಡಿದರಂತೂ ಹಳೆಯ ಕಾರುಗಳಲ್ಲಿ ಗೂಡೇ ಕುಸಿಯುತ್ತಿತ್ತು.

ಈ ತತ್ತ್ವ ಆಗಿನವರಿಗೆ ತಿಳಿಯದುದಲ್ಲ. ಬೇಲಾ ಬರೇನಿ ಎಂಬ ಎಂಜಿನಿಯರು ಅದನ್ನು 1950ರ ದಶಕದ ಮೊದಲಲ್ಲೇ ರೂಪಿಸಿದ್ದರು. ಜರ್ಮನಿಯ ಮರ್ಸಿಡಿಸ್-ಬೆಂಜ್ ಕಾರಿನಲ್ಲಿ ಅದು ಕಾರ್ಯರೂಪಕ್ಕೆ ಬಂದದ್ದು 1959ರಲ್ಲಿ. ಸ್ವೀಡನ್ನಿನ ವೋಲ್ವೊ ಕಂಪೆನಿಯ ನಿಲ್ಸ್ ಬೋಲಿನ್ ರೂಪಿಸಿದ, ಎದೆಯನ್ನೂ ಸೊಂಟವನ್ನೂ ಕೂಡಿಸಿ ಬಿಗಿಯುವ ಸೀಟ್ ಬೆಲ್ಟ್ ಕಾರಿಗೆ ಬಂದದ್ದೂ 1959ರಲ್ಲಿಯೇ. ಅಮೆರಿಕದ ರೆಕ್ಕೆಗಳು ಶಿಖರ ಮುಟ್ಟಿದ ವರ್ಷವೂ ಅದೇ ಅಲ್ಲವೆ? ಅಡಿಯಿಂದ ಮುಡಿಯವರೆಗೆ ಒಡವೆ ತೊಟ್ಟ ಆ ಕಾರುಗಳಲ್ಲಿ ಪ್ರಾಣ ಕಾಯುವ ಒಡ್ಯಾಣವೊಂದು ಮಾತ್ರ ಸಾಮಾನ್ಯವಾಗಿ ಇರುತ್ತಿರಲಿಲ್ಲ.

ಇದು ಬರಿಯ ತರ್ಕವಲ್ಲ, ಪರೀಕ್ಷೆಯಿಂದ ಸಿದ್ಧವಾದದ್ದು. 2009ರಲ್ಲಿ ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು 1959ರ ಷೆವರ್ಲೆ ಬೆಲ್ ಏರ್ ಕಾರನ್ನೂ 2009ರ ಷೆವರ್ಲೆ ಮಾಲಿಬು ಕಾರನ್ನೂ ಗಂಟೆಗೆ 40 ಮೈಲಿ ವೇಗದಲ್ಲಿ ಎದುರುಬದುರಾಗಿ ಢಿಕ್ಕಿ ಹೊಡೆಸಿದರು. ಎರಡರಲ್ಲಿಯೂ ಅಳತೆಯ ಯಂತ್ರಗಳನ್ನು ಅಳವಡಿಸಿದ ಬೊಂಬೆಗಳಿದ್ದವು. ಹಳೆಯ ಕಾರಿನ ಗೂಡು ನುಚ್ಚುನೂರಾಯಿತು. ಅದರಲ್ಲಿ ಮನುಷ್ಯನಿದ್ದಿದ್ದರೆ ಸತ್ತೇಹೋಗುತ್ತಿದ್ದ. ಹೊಸದರಲ್ಲಿದ್ದವನಿಗೆ ಕಾಲಿಗೆ ಸಣ್ಣ ಗಾಯವಾಗುತ್ತಿತ್ತು, ಅಷ್ಟೆ.

ಅಮೆರಿಕದ ಜನ ಕಣ್ಣು ತೆರೆಯಲು ಸ್ವಲ್ಪ ಕಾಲ ಹಿಡಿಯಿತು. 1965ರಲ್ಲಿ ರಾಲ್ಫ್ ನೇಡರ್ ಎಂಬ ಯುವ ವಕೀಲರು ಕಾರುಗಳ ಅಪಾಯವನ್ನು ಬಯಲಿಗೆಳೆದು ಒಂದು ಪುಸ್ತಕ ಬರೆದರು. 1966ರಲ್ಲಿ ವಾಹನ ಸುರಕ್ಷತೆಯ ಕಾಯಿದೆಯಾಯಿತು. ಢಿಕ್ಕಿಯಾದಾಗ ತಾನೇ ಕುಗ್ಗುವ ಸ್ಟೀರಿಂಗ್ ಕಂಬ 1967ರ ಮಾದರಿಗಳಲ್ಲಿ ಬಂದಿತು. ಆ ಹೊತ್ತಿಗೆ ರೆಕ್ಕೆಗಳು ಉದುರಿಹೋಗಿದ್ದವು.

ಆದುದರಿಂದ, ಹಳೆಯ ಕಾರನ್ನು ಕಂಡರೆ ಕಣ್ತುಂಬ ನೋಡಿ ಸಂತೋಷಪಡಿ. ತಗಡನ್ನು ತಟ್ಟಿ ಮಾತ್ರ ಬಲವನ್ನು ಅಳೆಯಬೇಡಿ. ಅಪಘಾತದಲ್ಲಿ ನಿಮ್ಮ ಕಾರಿನ ಮೂತಿ ನುಗ್ಗಾದರೆ ಡಬ್ಬಿಯೆಂದು ಹಳಿಯಬೇಡಿ. ಅದು ನಿಮ್ಮ ಪಾಲಿನ ಪೆಟ್ಟನ್ನು ತಾನು ತಿಂದಿದೆ. ಪಕ್ಕದ ಬೀದಿಗೆ ಹೋಗುವುದಾದರೂ ಆ ಒಡ್ಯಾಣವನ್ನು ಬಿಗಿದುಕೊಳ್ಳಿ. ನಮ್ಮ ಮಾಮನ ಕಾರಿನಲ್ಲಿ ಅದು ಇರಲಿಲ್ಲ, ನಿಮ್ಮದರಲ್ಲಿ ಇದೆ.