ನಿಮಗಿದು ಗೊತ್ತೆ? ಎಮ್ಮೆಯ ಸೂಜಿಗೂ ಬೆಂಗಳೂರಿಗೂ ನಂಟು

ಅಮೆರಿಕದಲ್ಲಿ ಮಾಂಸಕ್ಕಾಗಿ ಸಾಕಿದ, ಬೀಜ ಒಡೆದ ಹೋರಿಗಳಿಗೆ ಮೆಕ್ಕೆಜೋಳ ತಿನ್ನಿಸಿ ಕೊಬ್ಬಿಸುವಾಗ ಕಿವಿಯ ಹಿಂದೆ, ಚರ್ಮದಡಿ ಹಾರ್ಮೋನ್ ಗುಳಿಗೆ ಇಡುವುದುಂಟು. ಅಂಥ ಮಾಂಸಕ್ಕೆ ಯುರೋಪ್ 1989ರಲ್ಲೇ ಬಾಗಿಲು ಹಾಕಿತು. ಮಹಾರಾಷ್ಟ್ರದ ನಮ್ಮ ದಿವಾ, ಕಲ್ಯಾಣ, ಭಿವಂಡಿ ಕಡೆ ಆ ಮಾತೇ ಇಲ್ಲ. ರಾಜ್ಯದಲ್ಲಿ 2015ರಿಂದ ಹೋರಿ, ಎತ್ತುಗಳ ವಧೆಗೂ ನಿಷೇಧವಿದೆ.

ಇಲ್ಲಿನ ತಕರಾರು ತಬೇಲದ ಎಮ್ಮೆಗೆ ಚುಚ್ಚುವ ಆಕ್ಸಿಟೋಸಿನ್ ಹಾರ್ಮೋನಿನದು. ಕರು ಮೂತಿಯಿಂದ ಕೆಚ್ಚಲು ಗುದ್ದಿದರೆ ಎಮ್ಮೆಯ ಮಿದುಳೇ ಇದನ್ನು ಸ್ರವಿಸುತ್ತದೆ, ಮೊಲೆ ತೊಟ್ಟಿಗೆ ಹಾಲಿಳಿಯುತ್ತದೆ. ಕರು ಇಲ್ಲದ ಎಮ್ಮೆ ಸೊರೆ ಬಿಡದೆ ಹಟ ಹಿಡಿದಾಗ ಸೂಜಿಯ ಮೊರೆ. ಅದು ಹಾಲನ್ನು ಇಳಿಸುತ್ತದೆಯೇ ಹೊರತು ಹುಟ್ಟಿಸುವುದಿಲ್ಲ. ಹುಟ್ಟಿಸಲು ಮೇವೇ ಬೇಕು: ಪ್ರತಿ ಲೀಟರ್ ಎಮ್ಮೆ ಹಾಲಿಗೆ ಸುಮಾರು ಅರ್ಧ ಕಿಲೋ ಪಶು ಆಹಾರ, ಮೈ ಕಾಪಾಡಿಕೊಳ್ಳಲು ಬೇರೆ. ಪ್ರಾಣಿಯ ಆರೋಗ್ಯ ಕೆಡಿಸುವ ಇಂಥ ಚುಚ್ಚುಮದ್ದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ.

ದುರ್ಬಳಕೆ ತಡೆಯಲೆಂದು ಕೇಂದ್ರ ಸರ್ಕಾರ 2018ರಲ್ಲಿ ದೇಶದ ಬಳಕೆಗಾಗಿ ಖಾಸಗಿ ತಯಾರಿಕೆ ನಿಲ್ಲಬೇಕು, ಬೇಕಾದಷ್ಟನ್ನೂ ಬೆಂಗಳೂರಿನ ಕರ್ನಾಟಕ ಆ್ಯಂಟಿಬಯೋಟಿಕ್ಸ್ ಅಂಡ್ ಫಾರ್ಮಸ್ಯುಟಿಕಲ್ಸ್ ಒಂದೇ ತಯಾರಿಸಬೇಕೆಂದಿತು. ಎಮ್ಮೆಗಾಗಿ ಹಾಕಿದ ಬೇಲಿ ಬಾಣಂತಿಗೆ ತೊಡಕಾಗುವ ಭೀತಿ ಎದ್ದಿತು! ಹೆರಿಗೆಯ ರಕ್ತಸ್ರಾವ ನಿಲ್ಲಿಸುವ ಮದ್ದೂ ಇದೇ ತಾನೆ. ದೆಹಲಿ ಹೈಕೋರ್ಟ್ ಅದೇ ಡಿಸೆಂಬರ್‌ನಲ್ಲಿ ಆದೇಶ ರದ್ದುಮಾಡಿತು.

ಅಂದಹಾಗೆ, ಈ ಹಾರ್ಮೋನನ್ನು ಪ್ರಯೋಗಾಲಯದಲ್ಲಿ ಮೊದಲು ತಯಾರಿಸಿದ ವಿನ್ಸೆಂಟ್ ಡು ವಿಗ್ನೋ ಅವರಿಗೆ 1955ರ ರಸಾಯನಶಾಸ್ತ್ರ ನೊಬೆಲ್ ಸಂದಿತು.