ಹೊಸ ನೊಣಕ್ಕೆ ಹೆಸರಿಡುವ ಬಗೆ

ಬಾಳೆಯ ಹಣ್ಣು ಎರಡು ದಿನ ಹೆಚ್ಚಾಗಿ ಮಾಗಿದರೆ ಅದರ ಸುತ್ತ ಪುಟ್ಟ ನೊಣಗಳು ಮುತ್ತುವುದನ್ನು ಕಾಣದವರಿಲ್ಲ. ಅವುಗಳ ಉದ್ದ ಎರಡು ಮೂರು ಮಿಲಿಮೀಟರು ಮಾತ್ರ. ಕೈಬೀಸಿದರೆ ಏಳುವುವು, ಕೈ ತೆಗೆದರೆ ಮರಳಿ ಕೂಡುವುವು. ನಮ್ಮ ಕಣ್ಣಿಗೆ ಅವೆಲ್ಲವೂ ಒಂದೇ ಬಗೆಯವು. ಪ್ರಾಣಿಶಾಸ್ತ್ರಜ್ಞರಾದರೋ ಈ ನೊಣಗಳ ಕುಲಕ್ಕೆ ಡ್ರೊಸೊಫಿಲ ಎಂದು ಹೆಸರಿಟ್ಟು, ಅದರಲ್ಲಿ 1500ಕ್ಕೂ ಮಿಕ್ಕಿದ ಪ್ರಭೇದಗಳನ್ನು ಗುರುತಿಸಿದ್ದಾರೆ. ಇಬ್ಬನಿಯನ್ನು ಪ್ರೀತಿಸುವುದು ಎಂಬುದು ಆ ಗ್ರೀಕ್ ಶಬ್ದದ ಅರ್ಥ. ಅವುಗಳಲ್ಲಿ ಅನೇಕವು ಉಷ್ಣವಲಯದ ಕಾಡುಗಳಲ್ಲಿ, ಮರದಡಿ ಉದುರಿ ಕೊಳೆಯುವ ಹಣ್ಣು, ಹೂ, ಅಣಬೆಗಳನ್ನು ಆಶ್ರಯಿಸಿ ಬಾಳುವುವು. ಇಂತಹ ನೊಣವೊಂದನ್ನು ಹಿಡಿದು, ಇದು ಲೋಕಕ್ಕೆ ಹೊಸದು ಎಂದು ಹೇಳಬೇಕಾದರೆ ಏನೇನು ಮಾಡಬೇಕು? ಹಾಗೆ ಹೇಳಿದ ಮಾತು ನಿಲ್ಲುವುದು ಹೇಗೆ? ವಿದ್ಯಾರ್ಥಿಗಳು ತಿಳಿಯತಕ್ಕ ಈ ವಿಷಯವನ್ನು ಇಲ್ಲಿ ಸಂಕ್ಷೇಪವಾಗಿ ವಿವರಿಸಲಾಗಿದೆ.

ಮೊದಲು ಹೆಸರಿನ ಮಾತು. ಎಲ್ಲರಿಗೂ ಸಮಾನವಾದ ಹೆಸರೊಂದು ಏಕೆ ಬೇಕೆಂಬುದನ್ನು ಗುಡಿಬಂಡೆಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಇಲ್ಲಿ ಒಂದು ಮನೆಯಲ್ಲಿ ಕನ್ನಡ, ನೆರೆಮನೆಯಲ್ಲಿ ತೆಲುಗು. ನಾವು ನೊಣವೆಂದು ಕರೆಯುವುದನ್ನು ನೆರೆಯವರು ‘ಈಗ’ ಎನ್ನುವರು. ನಮ್ಮ ನುಡಿಯಲ್ಲಿ ಆ ಶಬ್ದಕ್ಕೆ ‘ಈ ಹೊತ್ತು’ ಎಂಬ ಅರ್ಥ. ಒಂದೇ ಬೀದಿಯಲ್ಲಿ ಹೀಗಾದರೆ ಜಗತ್ತಿನ ಪಾಡೇನು? ಈ ತೊಡಕನ್ನು ಬಿಡಿಸಿದವನು ಸ್ವೀಡನ್ ದೇಶದ ಲಿನೇಯಸ್. ಪ್ರತಿಯೊಂದು ಜೀವಿಗೂ ಎರಡು ಪದಗಳ ಲ್ಯಾಟಿನ್ ಹೆಸರು ಇರಬೇಕು, ಮೊದಲನೆಯದು ಕುಲದ್ದು, ಎರಡನೆಯದು ಪ್ರಭೇದದ್ದು ಎಂಬ ಪದ್ಧತಿಯನ್ನು ಅವನು ನೆಲೆಗೊಳಿಸಿದನು. ಪ್ರಾಣಿಗಳ ಹೆಸರುಗಳಿಗೆ 1758ರಲ್ಲಿ ಹೊರಬಂದ ಅವನ ಗ್ರಂಥದ ಹತ್ತನೆಯ ಆವೃತ್ತಿಯೇ ಇಂದಿಗೂ ಆರಂಭದ ಗೆರೆ.

ಇನ್ನು ಹುಡುಕುವ ಕ್ರಮ. ಚೆನ್ನಾಗಿ ಮಾಗಿದ ಬಾಳೆಹಣ್ಣನ್ನು ಕಿವುಚಿ, ಯೀಸ್ಟ್ ಬೆರೆಸಿ, ಬಾಟಲಿಗಳಲ್ಲಿ ಹಾಕಿ ಮರದ ಕೊಂಬೆಗಳಿಗೆ ಕಟ್ಟುವರು. ಹುಳಿವಾಸನೆಗೆ ನೊಣಗಳು ತಾವಾಗಿಯೇ ಬಂದು ಸೇರುವುವು. ಕೊಳೆತ ಹಣ್ಣುಗಳ ಮೇಲೆ ಬಲೆ ಬೀಸಿ ಹಿಡಿಯುವುದೂ ಉಂಟು. ಹಿಡಿದ ಸ್ಥಳ, ದಿನಾಂಕ, ಹಿಡಿದವರ ಹೆಸರು ಇವನ್ನು ಆಗಲೇ ಚೀಟಿಯ ಮೇಲೆ ಬರೆದಿಡಬೇಕು. ಚೀಟಿಯಿಲ್ಲದ ನೊಣ ವಿಳಾಸವಿಲ್ಲದ ಕಾಗದದಂತೆ. ಅದರಿಂದ ಪ್ರಯೋಜನ ಬಹಳ ಕಡಮೆ.

ಬಳಿಕ ಸೂಕ್ಷ್ಮದರ್ಶಕದ ಕೆಲಸ. ಮೈಬಣ್ಣ, ಬೆನ್ನಿನ ಮೇಲಿನ ಬಿರುಗೂದಲುಗಳ ಸಾಲು, ರೆಕ್ಕೆಯ ನರಗಳ ಅಳತೆ, ಗಂಡುನೊಣದ ಮುಂಗಾಲಿನಲ್ಲಿ ಬಾಚಣಿಗೆಯಂತಿರುವ ಕಪ್ಪು ಮುಳ್ಳುಗಳು, ಒಡಲ ತುದಿಯ ಅಂಗಗಳ ಆಕಾರ, ಇವೆಲ್ಲವನ್ನೂ ಎಣಿಸಿ, ಅಳೆದು, ಚಿತ್ರ ಬರೆಯಬೇಕು. ಅನಂತರ ಅದಕ್ಕೆ ಹತ್ತಿರದ ಪ್ರಭೇದಗಳನ್ನು ಕುರಿತು ಹಿಂದಿನವರು ಬರೆದುದನ್ನೆಲ್ಲ ತೆಗೆದು ಹೋಲಿಸಬೇಕು. ಹಿಡಿಯುವುದಕ್ಕೆ ಒಂದು ದಿನ ಸಾಕು. ಹೋಲಿಸುವುದಕ್ಕೆ ವರುಷಗಳೂ ಸಾಲವು. ಎಲ್ಲ ಮುಗಿದಮೇಲೆ ಒಂದು ನೊಣವನ್ನು ಮೂಲ ಮಾದರಿಯೆಂದು ಆರಿಸಿ ಜೋಪಾನವಾಗಿ ಕಾಪಾಡಿ, ವಿವರಣೆಯನ್ನು ಶಾಸ್ತ್ರಪತ್ರಿಕೆಯಲ್ಲಿ ಅಚ್ಚು ಹಾಕಿಸಬೇಕು. ಮುಂದೆ ಯಾರಿಗೆ ಸಂದೇಹ ಬಂದರೂ ಆ ಮಾದರಿಯನ್ನೂ ಬರಹವನ್ನೂ ನೋಡಿ ಪರೀಕ್ಷಿಸಬಹುದು. ಹೇಳಿದವನ ದೊಡ್ಡತನ ಇಲ್ಲಿ ಸಾಕ್ಷಿಯಲ್ಲ, ಮಾದರಿಯೇ ಸಾಕ್ಷಿ.

ಇದಕ್ಕೆ ನಮ್ಮ ನಾಡಿನದೇ ಒಂದು ಉದಾಹರಣೆಯನ್ನು ನೋಡೋಣ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರ ವಿಭಾಗದಲ್ಲಿ ಪ್ರಾಧ್ಯಾಪಕರಾದ ಎಂ. ಆರ್. ರಾಜಶೇಖರಶೆಟ್ಟರು ಹಣ್ಣಿನ ನೊಣಗಳ ಅಧ್ಯಯನಕ್ಕೆ ಭದ್ರವಾದ ತಳಹದಿಯನ್ನು ಹಾಕಿದರು. ಅಲ್ಲಿಯವರೇ ಆದ ಜಿ. ಶ್ರೀರಾಮರೆಡ್ಡಿ ಮತ್ತು ಎನ್. ಬಿ. ಕೃಷ್ಣಮೂರ್ತಿ ಎಂಬ ವಿದ್ವಾಂಸರು 1968ರಲ್ಲಿ ಮೈಸೂರಿನ ನೊಣವೊಂದನ್ನು ಹೊಸ ಪ್ರಭೇದವೆಂದು ವರ್ಣಿಸಿ, ಪ್ರಾಧ್ಯಾಪಕರ ಗೌರವಾರ್ಥವಾಗಿ ಡ್ರೊಸೊಫಿಲ ರಾಜಶೇಖರಿ ಎಂದು ಹೆಸರಿಟ್ಟರು. ಅದರ ಗಂಡಿನ ರೆಕ್ಕೆಯ ತುದಿಯ ಬಳಿ ಕಾಡಿಗೆಯ ಬೊಟ್ಟಿನಂತಹ ಒಂದು ಕಪ್ಪು ಕಲೆಯುಂಟು; ಹೆಣ್ಣಿಗೆ ಅದಿಲ್ಲ. ಗಂಡು ಹೆಣ್ಣಿನ ಮುಂದೆ ಈ ರೆಕ್ಕೆಯನ್ನು ಹರಡಿ ಕುಣಿಯುವುದು.

ಆದರೆ ಕಥೆ ಇಲ್ಲಿಗೆ ಮುಗಿಯಲಿಲ್ಲ. ಇದಕ್ಕೆ 44 ವರುಷಗಳ ಹಿಂದೆ, 1924ರಲ್ಲಿ, ಜೆ. ಆರ್. ಮ್ಯಾಲಕ್ ಎಂಬ ಕೀಟಶಾಸ್ತ್ರಜ್ಞನು ಕೊಯಮತ್ತೂರಿನ ನೊಣವೊಂದನ್ನು ವರ್ಣಿಸಿ ಡ್ರೊಸೊಫಿಲ ಬೈಆರ್ಮಿಪೆಸ್ ಎಂದು ಕರೆದಿದ್ದನು. ತಜ್ಞರು ಎರಡನ್ನೂ ಹೋಲಿಸಿದಾಗ, ಮೈಸೂರಿನದೂ ಕೊಯಮತ್ತೂರಿನದೂ ಒಂದೇ ಪ್ರಭೇದವೆಂದು ತೀರ್ಮಾನವಾಯಿತು. ಒಂದೇ ಹೊಲಕ್ಕೆ ಎರಡು ಪಟ್ಟಾ ಇದ್ದರೆ ಏನಾಗುವುದೆಂಬುದನ್ನು ರೈತರಾದ ಪೋಷಕರು ಬಲ್ಲರು. ಪ್ರಾಣಿಶಾಸ್ತ್ರದಲ್ಲಿ ಇಂತಹ ವ್ಯಾಜ್ಯಕ್ಕೆ ಸ್ಪಷ್ಟವಾದ ನಿಯಮವಿದೆ: ವಿಧಿವತ್ತಾಗಿ ಮೊದಲು ಅಚ್ಚಾದ ಹೆಸರೇ ಊರ್ಜಿತ. ಅದರಂತೆ ಬೈಆರ್ಮಿಪೆಸ್ ಉಳಿಯಿತು. ರಾಜಶೇಖರಿ ಎಂಬುದು ಅದರ ಪರ್ಯಾಯನಾಮವಾಗಿ ದಾಖಲೆಯಲ್ಲಿ ಸೇರಿತು.

ಹಾಗಾದರೆ ಮೈಸೂರಿನವರ ಶ್ರಮ ವ್ಯರ್ಥವಾಯಿತೆ? ಎಂದಿಗೂ ಇಲ್ಲ. ಹೆಸರು ಬಿದ್ದಿತೇ ಹೊರತು ನೋಡಿದ ನೋಟ ಬೀಳಲಿಲ್ಲ. ಅವರು ಮಾಡಿದ ವರ್ಣನೆ ಇಂದಿಗೂ ಅದೇ ನೊಣದ ವರ್ಣನೆ. ಅದು ಮೈಸೂರಿನಲ್ಲಿಯೂ ಬಾಳುವುದೆಂಬ ಸತ್ಯ ಅವರಿಂದ ದೃಢಪಟ್ಟಿತು. ಪರೀಕ್ಷೆಗೆ ಒಳಗಾಗುವಂತೆ ಎಲ್ಲವನ್ನೂ ಬರೆದಿಟ್ಟುದರಿಂದಲೇ ಮುಂದಿನವರು ಅದನ್ನು ಪರೀಕ್ಷಿಸಲು ಸಾಧ್ಯವಾಯಿತು. ತಿದ್ದಲು ಬಾರದಂತೆ ಮಾತನಾಡುವುದಕ್ಕಿಂತ ತಿದ್ದಲು ಬರುವಂತೆ ಬರೆಯುವುದೇ ವಿಜ್ಞಾನದ ಮರ್ಯಾದೆ. ಮುಂದೆ 2005ರಲ್ಲಿ ಅಮೆರಿಕದ ಷಾನ್ ಕ್ಯಾರಲ್ ಮತ್ತು ಸಂಗಡಿಗರು ಇದೇ ಪ್ರಭೇದದ ರೆಕ್ಕೆಯ ಕಲೆಯನ್ನು ಅಭ್ಯಸಿಸಿ, ಇಂತಹ ಹೊಸ ಚಿಹ್ನೆಗೆ ಹೊಸ ವಂಶವಾಹಿಯೇ ಬೇಕಾಗಿಲ್ಲ, ಇದ್ದ ವಂಶವಾಹಿಯು ಎಲ್ಲಿ ಕೆಲಸ ಮಾಡಬೇಕೆಂಬುದನ್ನು ನಿಯಂತ್ರಿಸುವ ಭಾಗ ಬದಲಾದರೂ ಸಾಕು ಎಂದು ತೋರಿಸಿದರು. ಜೀವವಿಕಾಸವನ್ನು ತಿಳಿಯಲು ನಮ್ಮ ಸೀಮೆಯ ಸಣ್ಣ ನೊಣವೂ ನೆರವಾಯಿತು.

ಇಷ್ಟು ಸೂಕ್ಷ್ಮವಾಗಿ ಬೇರ್ಪಡಿಸುವುದರಿಂದ ಹೊಟ್ಟೆ ತುಂಬುವುದೇ ಎಂದು ಕೇಳುವವರು ಇರಬಹುದು. ತುಂಬುವುದೆಂದೇ ಉತ್ತರ. ಬೈಆರ್ಮಿಪೆಸ್‌ಗೆ ಸುಜುಕಿಐ ಎಂಬ ಹತ್ತಿರದ ನೆಂಟನುಂಟು. 1931ರಲ್ಲಿ ಜಪಾನಿನಲ್ಲಿ ವರ್ಣಿತವಾದ ಅದರ ಗಂಡಿಗೂ ರೆಕ್ಕೆಯಲ್ಲಿ ಅಂತಹುದೇ ಕಪ್ಪು ಕಲೆ. ಆದರೆ ಅದರ ಹೆಣ್ಣಿನ ಒಡಲ ತುದಿಯಲ್ಲಿ ಗರಗಸದಂತಹ ಅಂಗವಿದ್ದು, ಅದು ಗಿಡದಲ್ಲಿರುವ ಕೆಡದ ಹಣ್ಣನ್ನೇ ಕೊಯ್ದು ಮೊಟ್ಟೆಯಿಡುವುದು. 2008ರಲ್ಲಿ ಅಮೆರಿಕ ಮತ್ತು ಯೂರೋಪುಗಳಲ್ಲಿ ಕಾಣಿಸಿಕೊಂಡ ಅದು ಅಲ್ಲಿನ ಹಣ್ಣಿನ ಬೆಳೆಗಾರರಿಗೆ ಭಾರಿ ನಷ್ಟವನ್ನುಂಟುಮಾಡಿದೆ. ಕಲೆಯನ್ನು ಮಾತ್ರ ಕಂಡು ಒಂದನ್ನು ಇನ್ನೊಂದೆಂದು ಭಾವಿಸಿದರೆ ವೃಥಾ ಭಯ, ಇಲ್ಲವೆ ನಿಜವಾದ ಹಾನಿ.

ಅಷ್ಟು ದೂರವೂ ಬೇಡ. ಮಡಕಶಿರ ಸೀಮೆಯಲ್ಲಿ ರೇಷ್ಮೆಹುಳು ಸಾಕುವವರಿಗೆ ಊಜಿ ನೊಣದ ಕಾಟ ಗೊತ್ತಿರುವುದೇ. ಅದು 1980ರಲ್ಲಿ ಪಶ್ಚಿಮ ಬಂಗಾಳದಿಂದ ಕರ್ನಾಟಕಕ್ಕೆ ಕಾಲಿಟ್ಟಿತು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು, ಮರಿಯು ಒಳಹೊಕ್ಕು ಹುಳುವನ್ನು ಕೊಲ್ಲುವುದು. ಅದರ ಜೀವನಕ್ರಮವನ್ನು ಸರಿಯಾಗಿ ಗುರುತಿಸಿದುದರಿಂದಲೇ ಅದರ ಕೋಶದೊಳಗೆ ಮೊಟ್ಟೆಯಿಟ್ಟು ನಾಶಮಾಡುವ ನೆಸೊಲಿಂಕ್ಸ್ ಎಂಬ ಸಣ್ಣ ಕಣಜವನ್ನು ರೈತರ ಸಹಾಯಕ್ಕೆ ಬಳಸಲು ಸಾಧ್ಯವಾಯಿತು. ಶತ್ರು ಯಾರೆಂದು ಅರಿಯದವನು ಶತ್ರುವಿನ ಶತ್ರುವನ್ನು ಹುಡುಕಲಾರನು.

ವಿದ್ಯಾರ್ಥಿಗಳೇ, ಹೊಸದನ್ನು ಕಾಣಲು ಆಗುಂಬೆಯ ದಟ್ಟ ಕಾಡೇ ಬೇಕೆಂದಿಲ್ಲ. ಮೇಲೆ ಹೇಳಿದ ನೊಣ ವಿದ್ವಾಂಸರ ಕೈಗೆ ಸಿಕ್ಕಿದುದು ಕೊಯಮತ್ತೂರಿನಲ್ಲಿ, ಮೈಸೂರಿನಲ್ಲಿ. ಒಂದು ಕೈಗನ್ನಡಿ, ಒಂದು ನೋಟುಪುಸ್ತಕ, ತಾಳ್ಮೆ ಇವಿಷ್ಟಿದ್ದರೆ ಆರಂಭಕ್ಕೆ ಸಾಕು. ಕಂಡುದನ್ನು ಕಂಡಂತೆ, ಸ್ಥಳ ಮತ್ತು ದಿನದೊಡನೆ ಬರೆಯಿರಿ, ಎಣಿಸಬಹುದಾದುದನ್ನು ಎಣಿಸಿರಿ, ಚಿತ್ರ ಅಂದವಾಗದಿದ್ದರೂ ನಿಜವಾಗಿರಲಿ. ಪೋಷಕರಲ್ಲಿ ಒಂದು ವಿನಂತಿ: ಮಗುವು ತಿಪ್ಪೆಯ ಬಳಿಯಲ್ಲಿಯೋ ಸೀತಾಫಲದ ಗಿಡದಡಿಯಲ್ಲಿಯೋ ಕುಳಿತು ಹುಳುವನ್ನು ನೋಡುತ್ತಿದ್ದರೆ, ಹೊತ್ತು ಕಳೆಯುತ್ತಿರುವನೆಂದು ಗದರಿಸಬೇಡಿರಿ. ಏನು ಕಂಡೆ ಎಂದು ಕೇಳಿರಿ. ಕಂಡುದನ್ನು ಬರೆದಿಡಲು ಹೇಳಿರಿ. ಕೈತೊಳೆದು ಊಟಕ್ಕೆ ಬರಲಿ ಎಂಬ ಕಟ್ಟಳೆಯೊಂದಿದ್ದರೆ ಸಾಕು.