ಕ್ರಯಪತ್ರದೊಳಗಿನ ಹೆಬ್ಬೆಟ್ಟು

ಬೆಂಗಳೂರಿನ ಬನಶಂಕರಿ ಎರಡನೇ ಹಂತದ ಒಂದು ಮನೆಯಲ್ಲಿ ನಿವೃತ್ತ ಟೀಚರ್ ಒಬ್ಬರು ಬೀರುವಿನಿಂದ ಕ್ರಯಪತ್ರ ತೆಗೆದು ನನ್ನ ಮುಂದೆ ಬಿಡಿಸಿಟ್ಟರು. ಫೋಟೊ ಪಕ್ಕದಲ್ಲಿ ಅವರ ಎಡ ಹೆಬ್ಬೆಟ್ಟಿನ ಗುರುತು, ಗೆರೆ ಎಣಿಸಬಹುದಾದಷ್ಟು ಸ್ಪಷ್ಟ. ಅದರ ಮೇಲೆ ಪಾಸ್‌ಬುಕ್ ಇಟ್ಟರು. ಒಂದು ಸಾಲಿಗೆ ಪೆನ್ಸಿಲ್ಲಿನಲ್ಲಿ ಸುತ್ತು ಹಾಕಿದ್ದರು: ಎಇಪಿಎಸ್, 10,000 ರೂಪಾಯಿ.

"ಒಟಿಪಿ ಬಂದಿಲ್ಲ, ಲಿಂಕ್ ಒತ್ತಿಲ್ಲ, ಯಾರ ಹತ್ರಾನೂ ಮಾತಾಡಿಲ್ಲ. ದುಡ್ಡು ಹೆಂಗಪ್ಪಾ ಹೋಯ್ತು?"

ಎಇಪಿಎಸ್ ಎಂದರೆ ಆಧಾರ್ ಮೂಲಕ ಹಣ ತೆಗೆಯುವ ವ್ಯವಸ್ಥೆ. ಅದಕ್ಕೆ ಒಟಿಪಿ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳು ಇದ್ದರೆ ಆಯಿತು. ಎಟಿಎಂ ಇಲ್ಲದ ಹಳ್ಳಿಗೆ ಅದು ವರವೇ. ಆದರೆ 2023ರಲ್ಲಿ ಬೆಂಗಳೂರಿನ ಸೈಬರ್ ಅಪರಾಧ ನೋಡಿಕೊಳ್ಳುವ ಸೆನ್ ಠಾಣೆಗಳಿಗೆ ಸಾಲುಸಾಲು ದೂರು ಬಂದವು. ಕಳ್ಳರು ಆಸ್ತಿ ನೋಂದಣಿಯ ಕಾವೇರಿ ಜಾಲತಾಣದ ಕ್ರಯಪತ್ರಗಳಿಂದ ಬೆರಳಚ್ಚು, ಆಧಾರ್ ಸಂಖ್ಯೆ ಎತ್ತಿಕೊಂಡು, ನಕಲಿ ಬೆರಳು ಮಾಡಿ ಹಣ ತೆಗೆಯುತ್ತಿದ್ದರು. ನೋಂದಣಿ ಇಲಾಖೆ ಅವನ್ನು ಮರೆಮಾಡಲು ಹೊರಟದ್ದು ಆಮೇಲೆ. ತಮ್ಮ ಬೆರಳೂ ಹೀಗೇ ಹೋಗಿರಬೇಕು ಎಂಬುದು ಟೀಚರ್ ಗುಮಾನಿ.

ನನ್ನನ್ನು ಬಿಡದೆ ಕಾಡುತ್ತಿರುವುದು ಆ ಹೆಬ್ಬೆಟ್ಟಿನ ಚರಿತ್ರೆ. ವಿಲಿಯಂ ಹರ್ಷೆಲ್ ಎಂಬ ಬ್ರಿಟಿಷ್ ಅಧಿಕಾರಿ 1858ರಲ್ಲಿ ಬಂಗಾಳದ ಜಂಗೀಪುರದಲ್ಲಿ ರಾಜ್ಯಧರ ಕೊನಾಯ್ ಎಂಬ ಗುತ್ತಿಗೆದಾರನ ಅಂಗೈಗೆ ಮಸಿ ಬಳಿದು ಕರಾರಿನ ಮೇಲೆ ಒತ್ತಿಸಿಕೊಂಡ. 1877ರಲ್ಲಿ ಹೂಗ್ಲಿಯಲ್ಲಿ ಬೆರಳೊತ್ತಿಸುವುದನ್ನೇ ಪದ್ಧತಿ ಮಾಡಿದ. ಯಾರಿಗೆ? ಪಿಂಚಣಿದಾರರಿಗೆ, ಪತ್ರ ನೋಂದಾಯಿಸಲು ಬಂದವರಿಗೆ. ಒಬ್ಬರ ಹೆಸರಿನಲ್ಲಿ ಇನ್ನೊಬ್ಬರು ಬಂದು ಮೋಸ ಮಾಡಬಾರದು ಅಂತ! ಕಳ್ಳನನ್ನು ತಡೆಯಲು ಪತ್ರದೊಳಗೆ ಬಂದ ಬೆರಳು ಪತ್ರದೊಳಗಿಂದಲೇ ಕಳುವಾಯಿತು. ಪಾಸ್‌ವರ್ಡ್ ಹೋದರೆ ಬದಲಿಸಬಹುದು, ಬೆರಳನ್ನು?

ಟೀಚರ್ ಹಣ ಹೋದ ಮೆಸೇಜ್ ನೋಡಿದ ಸಂಜೆಯೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರಿನ ಸಂಖ್ಯೆ ಬರೆದುಕೊಂಡಿದ್ದರು. ಬೆಳಿಗ್ಗೆ ಬ್ಯಾಂಕಿನಲ್ಲಿ "ಮೊದಲು ಪೊಲೀಸ್ ಹತ್ರ ಹೋಗಿ" ಎಂದರಂತೆ. ಅವರು ಜಗ್ಗಲಿಲ್ಲ. ಅರ್ಜಿ ಕೊಟ್ಟು, ಇನ್ನೊಂದು ಪ್ರತಿಗೆ ಮೊಹರು ಹಾಕಿಸಿಕೊಂಡೇ ಎದ್ದರು. ಆ ಮೊಹರಿನ ತಾರೀಕೇ ಕೈ ಹಿಡಿದದ್ದು. ಬ್ಯಾಂಕಿನದೂ ಗ್ರಾಹಕರದೂ ತಪ್ಪಿಲ್ಲದೆ ಹಣ ಹೋಗಿದ್ದು, ಮೂರು ಕೆಲಸದ ದಿನಗಳೊಳಗೆ ತಿಳಿಸಿದ್ದರೆ ಗ್ರಾಹಕರ ಮೇಲೆ ಹೊರೆಯಿಲ್ಲ, ಹತ್ತು ಕೆಲಸದ ದಿನಗಳಲ್ಲಿ ಹಣ ಖಾತೆಗೆ ಜಮೆಯಾಗಬೇಕು ಎಂದಿತ್ತು ರಿಸರ್ವ್ ಬ್ಯಾಂಕಿನ 2017ರ ಜುಲೈ 6ರ ಸುತ್ತೋಲೆ. ತಡವಾದಷ್ಟೂ ನಷ್ಟದಲ್ಲಿ ನಮ್ಮ ಪಾಲು ಏರುತ್ತದೆ. ಟೀಚರ್ ಹಣ ಒಂಬತ್ತನೇ ದಿನ ಬಂತು. ಗುರುತು ಕದಿಯುವುದು ಐಟಿ ಕಾಯ್ದೆಯ 66ಸಿ ಕಲಮಿನಡಿ ಮೂರು ವರ್ಷದವರೆಗಿನ ಸಜೆಯ ಅಪರಾಧ, ಆದ್ದರಿಂದ ಠಾಣೆಗೂ ಹೋಗಿಬಂದರು. ನಮ್ಮ ಹೆಸರಲ್ಲಿ ಯಾರಾದರೂ ಸಾಲ ಎತ್ತಿದ್ದಾರಾ ಅಂತ ತಿಳಿಯಲು ಸಿಬಿಲ್ ವರದಿಯೂ ವರ್ಷಕ್ಕೊಮ್ಮೆ ಪುಕ್ಕಟೆ ಸಿಗುತ್ತದೆ.

ಆಧಾರ್ ಆ್ಯಪ್‌ನಲ್ಲಿ ಬಯೋಮೆಟ್ರಿಕ್ ಲಾಕ್ ಎಂಬುದೊಂದಿದೆ. ಹಾಕಿದರೆ ನಕಲಿ ಬೆರಳಿರಲಿ, ನಮ್ಮ ಬೆರಳೂ ನಡೆಯದು. ಈ ಬೀಗ ಹಾಕಿಯೇ ಆಧಾರ್ ಕೊಡಬೇಕಿತ್ತು, ಬೇಕಾದವರು ತೆಗೆದುಕೊಳ್ಳುತ್ತಿದ್ದರು ಎಂಬುದು ನನ್ನ ವಾದ. ಅವತ್ತು ಇಬ್ಬರೂ ಕೂತು ಹಾಕಿದೆವು, ಎರಡು ನಿಮಿಷದ ಕೆಲಸ.

ಹೊರಡುವಾಗ ಟೀಚರ್ ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ನವೆಂಬರ್ ಹಾಳೆ ಎತ್ತಿ ಏನೋ ಬರೆಯುತ್ತಿದ್ದರು. ಪಿಂಚಣಿಗೆ ಬೆರಳೊತ್ತಿ ಜೀವನ ಪ್ರಮಾಣ ಕೊಡುವ ತಿಂಗಳು. ದುಂಡು ಅಕ್ಷರದಲ್ಲಿ ಬರೆದಿದ್ದರು: "ಹೆಬ್ಬೆಟ್ಟಿನ ಬೀಗ ತೆಗೆಯುವುದು. ಮತ್ತೆ ಹಾಕುವುದು."